ಮಾತನ್ನು ಮಾತಾಗಿಯೇ ಕೇಳುವ ಹುಡುಗ

ಇಂಗ್ಲೆಂಡಿನ ಮಾರ್ಕ್ ಹ್ಯಾಡನ್ ಎಂಬ ಲೇಖಕನು ೨೦೦೩ನೆಯ ಇಸವಿಯಲ್ಲಿ ಪ್ರಕಟಿಸಿದ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್‌ಟೈಮ್’ ಎಂಬ ಕಾದಂಬರಿಯು ಹೊರಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಆ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ರಾತ್ರಿಯ ವೇಳೆ ನಾಯಿಯ ವಿಚಿತ್ರ ಪ್ರಸಂಗ’ ಎನ್ನಬಹುದು. ಗ್ರಂಥವು ಹಳೆಯದಾದರೂ ಅದನ್ನು ಓದಿದವರ ವಾದವು ಇನ್ನೂ ಹಳೆಯದಾಗಿಲ್ಲ. ಒಬ್ಬರು ಅದನ್ನು ಎಳೆಯರ ಕೈಗೆ ಕೊಡತಕ್ಕ ಉತ್ತಮ ಕೃತಿಯೆನ್ನುತ್ತಾರೆ. ಮತ್ತೊಬ್ಬರು ಎಳೆಯರ ಕಣ್ಣಿಗೆ ಬೀಳಬಾರದ ಪುಸ್ತಕವೆನ್ನುತ್ತಾರೆ. ಒಬ್ಬರಿಗೆ ಅದು ಕಣ್ಣೀರು ತರಿಸಿದೆ; ಮತ್ತೊಬ್ಬರಿಗೆ ರೈಲಿನ ವೇಳಾಪಟ್ಟಿಯಷ್ಟು ಶುಷ್ಕವಾಗಿ ತೋರಿದೆ. ಒಂದೇ ಗ್ರಂಥದಿಂದ ಇಷ್ಟು ವಿರುದ್ಧವಾದ ಅನುಭವಗಳು ಹುಟ್ಟಬೇಕಾದರೆ ಅದಕ್ಕೆ ಓದುಗರ ರುಚಿಭೇದವೊಂದೇ ಕಾರಣವಾಗಿರಲಾರದು; ಗ್ರಂಥದ ರಚನೆಯಲ್ಲಿಯೂ ಏನೋ ಇರಬೇಕು.

ಗೊಂದಲವು ಮುಖಪುಟದಿಂದಲೇ ಆರಂಭವಾಗುವುದು. ಈ ಕಾದಂಬರಿಯು ಮೊದಲು ಬಂದಾಗಲೇ ಎರಡು ಮುದ್ರಣಗಳಾಗಿ ಬಂದಿತು: ಒಂದು ಪ್ರೌಢರಿಗೆ, ಇನ್ನೊಂದು ಮಕ್ಕಳಿಗೆ. ಹೊದಿಕೆ ಬೇರೆ, ಕಥೆ ಒಂದೇ. ಆ ವರ್ಷದ ಗಾರ್ಡಿಯನ್ ಪತ್ರಿಕೆಯ ಬಾಲಸಾಹಿತ್ಯದ ಬಹುಮಾನವು ಇದಕ್ಕೆ ಸಂದಿತು. ವಿಟ್‌ಬ್ರೆಡ್ ಬಹುಮಾನವೂ ಸಂದಿತು, ಆದರೆ ಅಲ್ಲಿ ಅದು ಬಾಲಸಾಹಿತ್ಯದ ವರ್ಗದಲ್ಲಿರದೆ ಕಾದಂಬರಿಯ ವರ್ಗದಲ್ಲಿ ಗೆದ್ದು, ಕೊನೆಗೆ ವರ್ಷದ ಗ್ರಂಥವೆನಿಸಿತು. ಹ್ಯಾಡನ್ನನು ಅದಕ್ಕೆ ಹಿಂದೆ ಮಕ್ಕಳಿಗಾಗಿ ಹಲವು ಪುಸ್ತಕಗಳನ್ನು ಬರೆದು ಚಿತ್ರಗಳನ್ನೂ ಹಾಕಿದ್ದವನು. ಹೀಗಾಗಿ ಪುಸ್ತಕವನ್ನು ಕೈಗೆತ್ತಿಕೊಂಡವರಲ್ಲಿ ಕೆಲವರು ಮಕ್ಕಳ ಪತ್ತೇದಾರಿ ಕಥೆಯನ್ನು ನಿರೀಕ್ಷಿಸಿದರು, ಕೆಲವರು ಸಂಸಾರದ ಕಥೆಯನ್ನು ನಿರೀಕ್ಷಿಸಿದರು. ನಿರೀಕ್ಷೆಗೆ ತಕ್ಕಂತೆ ನಿರಾಶೆಯೂ ಬೇರೆ ಬೇರೆಯಾಯಿತು.

ಕಥೆಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಸ್ವಿಂಡನ್ ಎಂಬ ಪಟ್ಟಣದಲ್ಲಿ ಕ್ರಿಸ್ಟೋಫರ್ ಎಂಬ ಹದಿನೈದು ವರ್ಷದ ಹುಡುಗನು ತಂದೆಯೊಡನೆ ವಾಸಿಸುತ್ತಾನೆ. ತಾಯಿ ಎರಡು ವರ್ಷಗಳ ಹಿಂದೆ ಹೃದ್ರೋಗದಿಂದ ತೀರಿಕೊಂಡಳೆಂದು ತಂದೆ ಹೇಳಿರುತ್ತಾನೆ. ಹುಡುಗನು ಗಣಿತದಲ್ಲಿ ಅಸಾಮಾನ್ಯ ಬುದ್ಧಿಯುಳ್ಳವನು. ಮನುಷ್ಯರ ಮುಖವನ್ನು ನೋಡಿ ಮನಸ್ಸನ್ನು ತಿಳಿಯಲಾರದವನು. ಯಾರಾದರೂ ಮೈ ಮುಟ್ಟಿದರೆ ಸಹಿಸನು. ಹಳದಿ ಬಣ್ಣವೂ ಕಂದು ಬಣ್ಣವೂ ಅವನಿಗೆ ಆಗವು. ಗ್ರಂಥದ ಅಧ್ಯಾಯಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕದೆ ಅವಿಭಾಜ್ಯ ಸಂಖ್ಯೆಗಳನ್ನೇ ಹಾಕುತ್ತಾನೆ. ಆದುದರಿಂದ ಗ್ರಂಥವು ೨ನೆಯ ಅಧ್ಯಾಯದಲ್ಲಿ ಆರಂಭವಾಗಿ ೨೩೩ನೆಯದರಲ್ಲಿ ಮುಗಿಯುವುದು. ಒಂದು ದಿನ ನಡುರಾತ್ರಿ ಕಳೆದು ಏಳು ನಿಮಿಷಕ್ಕೆ ನೆರೆಮನೆಯ ಶಿಯರ್ಸ್ ಎಂಬಾಕೆಯ ನಾಯಿ ವೆಲಿಂಗ್ಟನ್, ತೋಟದ ಮಣ್ಣು ಕೆದಕುವ ಕಬ್ಬಿಣದ ಕವಲಿನಿಂದ ತಿವಿಯಲ್ಪಟ್ಟು ಸತ್ತು ಬಿದ್ದಿರುವುದನ್ನು ಈ ಹುಡುಗನು ಕಾಣುತ್ತಾನೆ. ಕೊಂದವರು ಯಾರೆಂಬುದನ್ನು ಪತ್ತೆಮಾಡಿ ಅದನ್ನೊಂದು ಪುಸ್ತಕವಾಗಿ ಬರೆಯಲು ನಿಶ್ಚಯಿಸುತ್ತಾನೆ. ತಂದೆ ಬೇಡವೆನ್ನುತ್ತಾನೆ. ಹುಡುಗನು ಬಿಡುವುದಿಲ್ಲ. ತಂದೆಯು ಪುಸ್ತಕವನ್ನು ಕಂಡು ಸಿಟ್ಟಿನಿಂದ ಕಸಿದುಕೊಳ್ಳುತ್ತಾನೆ. ಅದನ್ನು ಹುಡುಕುತ್ತ ಹೋದ ಹುಡುಗನಿಗೆ ತಂದೆಯ ಬಟ್ಟೆಯ ಕಪಾಟಿನೊಳಗೆ ತಾಯಿಯ ಅಕ್ಷರದಲ್ಲಿ ತನ್ನ ಹೆಸರಿಗೆ ಬಂದ ಕಾಗದಗಳ ಕಟ್ಟು ಸಿಕ್ಕುವುದು.

ತಾಯಿ ಸತ್ತಿಲ್ಲ. ನೆರೆಮನೆಯಾಕೆಯ ಗಂಡನೊಡನೆ ಲಂಡನ್ನಿಗೆ ಹೊರಟುಹೋಗಿದ್ದಾಳೆ. ನಾಯಿಯನ್ನು ಕೊಂದವನೂ ತಂದೆಯೇ. ನೆರೆಮನೆಯಾಕೆಯೊಡನೆ ಜಗಳವಾದ ರಾತ್ರಿಯ ಸಿಟ್ಟಿನಲ್ಲಿ ಅದನ್ನು ಮಾಡಿದೆನೆಂದು ಅವನು ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ಗ್ರಂಥದ ಅರ್ಧವನ್ನು ಸ್ವಲ್ಪ ದಾಟಿದೊಡನೆಯೇ ಇದೆಲ್ಲವೂ ಬಯಲಾಗುವುದು.

ಓದುಗರ ಮೊದಲ ಆಕ್ಷೇಪಣೆಯು ಇಲ್ಲಿಯೇ. ಪತ್ತೇದಾರಿ ಕಥೆಯ ಗುಟ್ಟನ್ನು ನಡುವಿನಲ್ಲಿಯೇ ಒಡೆದು, ಉಳಿದ ಅರ್ಧವನ್ನು ರೈಲುಪ್ರಯಾಣದಿಂದ ತುಂಬಿಸುವುದು ಎಂಥ ನ್ಯಾಯವೆಂದು ಅವರು ಕೇಳುತ್ತಾರೆ. ಕೊಲೆಗಾರನೇನು ಕೊನೆಯ ಪುಟದಲ್ಲಿ ಸಿಕ್ಕಿಬೀಳಲಿಲ್ಲ, ತಾನೇ ಬಂದು ಹೇಳಿಬಿಟ್ಟನು. ಹುಡುಗನ ಬುದ್ಧಿಯಿಂದ ಆದುದೇನು ಎಂದೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಗ್ರಂಥದ ಹೆಸರನ್ನು ಅವರು ಇನ್ನೊಮ್ಮೆ ನೋಡಬೇಕಾಗಿತ್ತು. ಅದು ಕಾನನ್ ಡಾಯಿಲನ ‘ಸಿಲ್ವರ್ ಬ್ಲೇಜ್’ ಎಂಬ ೧೮೯೨ರ ಷರ್ಲಾಕ್ ಹೋಮ್ಸನ ಕಥೆಯಿಂದ ತೆಗೆದುಕೊಂಡದ್ದು. ಆ ಕಥೆಯಲ್ಲಿ ರಾತ್ರಿ ಲಾಯದಿಂದ ಕುದುರೆಯು ಮಾಯವಾಗುವುದು; ಕಾವಲಿಗಿದ್ದ ನಾಯಿ ಬೊಗಳುವುದಿಲ್ಲ. ಬೊಗಳದಿದ್ದುದೇ ಸುಳಿವು: ಬಂದವನು ನಾಯಿಗೆ ಗೊತ್ತಿದ್ದವನು, ಮನೆಯವನು. ಹ್ಯಾಡನ್ನನು ಹೆಸರಿನಲ್ಲಿಯೇ ಉತ್ತರವನ್ನು ಇಟ್ಟಿದ್ದಾನೆ. ಅಪರಾಧಿಯು ಪರಿಚಿತನೇ. ಕಥಾನಾಯಕನು ಊರೆಲ್ಲ ತಿರುಗಿ ವಿಚಾರಿಸುತ್ತಿರುವಾಗ ಅವನಿಗೆ ರಾತ್ರಿಯ ಊಟವನ್ನು ಮಾಡಿ ಬಡಿಸುತ್ತಿದ್ದವನು.

ಹಾಗಾದರೆ ಗ್ರಂಥದ ನಿಜವಾದ ರಹಸ್ಯವು ನಾಯಿಯದಲ್ಲ. ನೈಯಾಯಿಕರು ಶಬ್ದವನ್ನು ಪ್ರಮಾಣಗಳಲ್ಲಿ ಒಂದಾಗಿ ಎಣಿಸುವಾಗ ಎಲ್ಲರ ಮಾತನ್ನೂ ಹಾಗೆ ಎಣಿಸುವುದಿಲ್ಲ. ಆಪ್ತನ ಮಾತನ್ನು ಮಾತ್ರ ಎಣಿಸುತ್ತಾರೆ. ವಸ್ತುವನ್ನು ಇದ್ದಂತೆ ಬಲ್ಲವನು, ಬಲ್ಲಂತೆ ಹೇಳುವ ಇಚ್ಛೆಯುಳ್ಳವನು ಆಪ್ತನು. ಮಗುವಿಗೆ ತಂದೆತಾಯಿಗಳಿಗಿಂತ ಮೊದಲಿನ ಆಪ್ತರಿಲ್ಲ. ಇದು ಬೆಂಕಿ, ಇದು ನೀರು, ಇವಳು ಅತ್ತೆ, ಇವನು ಮಾವ ಎಂಬುದನ್ನು ಮಗು ಅವರ ಮಾತಿನಿಂದಲೇ ಅರಿಯುವುದು. ಕ್ರಿಸ್ಟೋಫರನಿಗಂತೂ ಈ ಪ್ರಮಾಣವು ಇತರ ಮಕ್ಕಳಿಗಿಂತ ನೂರ್ಮಡಿ ಅವಶ್ಯ. ಇತರರು ಮುಖದ ಬಣ್ಣದಿಂದ, ಧ್ವನಿಯ ನಡುಕದಿಂದ, ಕಣ್ಣು ತಪ್ಪಿಸುವುದರಿಂದ ಸುಳ್ಳನ್ನು ಊಹಿಸಿಯಾರು. ಇವನಿಗೆ ಆ ದಾರಿಗಳೆಲ್ಲ ಮುಚ್ಚಿವೆ. ತಂದೆ ಹೇಳಿದ ಮಾತೇ ಇವನ ಪಾಲಿಗೆ ಲೋಕ. ತಾಯಿ ಸತ್ತಳೆಂದು ಆ ಆಪ್ತನೇ ಹೇಳಿದನು.

ಈ ದೇಶದ ಓದುಗನಿಗೆ ಇಲ್ಲಿ ದ್ರೋಣಪರ್ವವು ನೆನಪಾಗದಿರದು. ಅಶ್ವತ್ಥಾಮನು ಸತ್ತನೆಂಬ ಸುದ್ದಿಯನ್ನು ದ್ರೋಣನು ಭೀಮನ ಬಾಯಿಂದ ಕೇಳಿಯೂ ನಂಬಲಿಲ್ಲ, ಧರ್ಮರಾಯನನ್ನು ಕೇಳಿದನು. ಕೇಳಿದ್ದೇಕೆ? ಅವನು ಸುಳ್ಳಾಡುವವನಲ್ಲವೆಂದು. ಅಂತಹವನ ಬಾಯಿಂದ ಬಂದುದರಿಂದಲೇ ಆ ಅರ್ಧಸತ್ಯವು ಬಾಣಕ್ಕಿಂತ ಹರಿತವಾಯಿತು. ಯುದ್ಧರಂಗದ ಮಾತೆಲ್ಲಿ, ಸ್ವಿಂಡನ್ನಿನ ಅಡಿಗೆಮನೆಯ ಮಾತೆಲ್ಲಿ ಎನ್ನಬಹುದು. ಆದರೆ ಪೆಟ್ಟು ಬೀಳುವ ಸ್ಥಳ ಒಂದೇ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ನಮ್ಮ ಕಡೆಯ ಹಿರಿಯರು ಎಳೆಯ ಮಕ್ಕಳಿಗೆ ‘ಊರಿಗೆ ಹೋಗಿದ್ದಾರೆ’ ಎನ್ನುವುದುಂಟು. ಈ ತಂದೆಯು ಅದನ್ನೇ ತಿರುವುಮುರುವಾಗಿ ಮಾಡಿದನು: ಊರಿಗೆ ಹೋದವಳನ್ನು ತೀರಿಕೊಂಡಳೆಂದನು. ಎರಡೂ ಕರುಣೆಯಿಂದಲೇ ಹುಟ್ಟಿದ ಸುಳ್ಳುಗಳು. ಮಗುವಿಗೆ ನೋವಾಗದಿರಲೆಂಬ ಆಶೆಯೆಷ್ಟು, ವಿವರಿಸುವ ಕಷ್ಟದಿಂದ ತಾನು ಪಾರಾಗಬೇಕೆಂಬ ಆಶೆಯೆಷ್ಟು ಎಂಬುದನ್ನು ಹೇಳಿದವನೂ ಅರಿಯನು.

ಆಪ್ತವಾಕ್ಯವು ಮುರಿದ ಮೇಲೆ ಹುಡುಗನ ಕೈಯಲ್ಲಿ ಉಳಿಯುವುದು ಅನುಮಾನವೊಂದೇ. ಅವನು ತರ್ಕಿಸುತ್ತಾನೆ: ತಂದೆಯು ನಾಯಿಯನ್ನು ಕೊಂದನು, ಕೊಲ್ಲಬಲ್ಲವನು ತನ್ನನ್ನೂ ಕೊಲ್ಲಬಹುದು, ಆದುದರಿಂದ ಈ ಮನೆಯಲ್ಲಿ ಇರಬಾರದು. ಶಾಸ್ತ್ರವನ್ನು ಓದಿದ ವಿದ್ಯಾರ್ಥಿಯು ಇಲ್ಲಿಯ ವ್ಯಾಪ್ತಿಯಲ್ಲಿ ದೋಷವನ್ನು ಕೂಡಲೆ ತೋರಿಸಿಯಾನು. ಆದರೆ ರಾತ್ರಿಯ ಚಳಿಯಲ್ಲಿ ತೋಟದ ಮರೆಯಲ್ಲಿ ಅಡಗಿ ಕುಳಿತ ಆ ಹುಡುಗನಿಗೆ ದೋಷವನ್ನು ತೋರಿಸಿಕೊಡಬಲ್ಲ ನಂಬಿಕೆಯ ಮನುಷ್ಯನು ಯಾರಿದ್ದನು? ತಿದ್ದಬೇಕಾದವನೇ ನಂಬಿಕೆಯನ್ನು ಕಳೆದುಕೊಂಡಿದ್ದಾನೆ. ಲಂಡನ್ನಿಗೆ ಹೋಗುವ ಪ್ರಯಾಣವು ಕಥೆಗೆ ಅಂಟಿಸಿದ ಬಾಲವೆಂದವರು ಇದನ್ನು ಗಮನಿಸಿಲ್ಲ. ತನ್ನ ಬೀದಿಯ ಕೊನೆಯನ್ನು ದಾಟಿ ಒಬ್ಬನೇ ಹೋಗದಿದ್ದವನು ರೈಲುನಿಲ್ದಾಣದ ಗದ್ದಲದಲ್ಲಿ ನಿಂತು, ಜಾಹಿರಾತುಗಳ ಅಕ್ಷರಗಳೆಲ್ಲ ಕಣ್ಣಿನೊಳಗೆ ಕಲಸಿಹೋಗುತ್ತಿರುವಾಗ, ಎಡಗಾಲು ಬಲಗಾಲು ಎಂದು ಎಣಿಸಿಕೊಳ್ಳುತ್ತ ನಡೆಯುವನು. ಜೇಬಿನಲ್ಲಿ ಟೋಬಿ ಎಂಬ ಸಾಕಿದ ಇಲಿ. ನೆಲದಡಿಯ ರೈಲಿನ ಕಂಬಿಗಳ ಮೇಲೆ ಆ ಇಲಿ ಓಡಿಹೋದಾಗ ಗಾಡಿ ಬರುತ್ತಿರುವುದನ್ನೂ ಲೆಕ್ಕಿಸದೆ ಕೆಳಗೆ ಇಳಿಯುವನು. ಬಾಲ್ಯವನ್ನು ದಾಟುವುದೆಂದರೆ ಏನೆಂಬುದನ್ನು ಈ ಪುಟಗಳಲ್ಲಿ ಗ್ರಂಥಕರ್ತನು ಒಂದು ಮಾತನ್ನೂ ಆಡದೆ ತೋರಿಸಿದ್ದಾನೆ. ಇಡೀ ಗ್ರಂಥದಲ್ಲಿ ಶ್ರೇಷ್ಠವಾದ ಭಾಗವಿದು.

ಭಾಷೆಯು ನೀರಸವೆಂಬುದು ಎರಡನೆಯ ದೂರು. ವಾಕ್ಯಗಳು ಚಿಕ್ಕವು, ‘ಆಮೇಲೆ’, ‘ಆಮೇಲೆ’ ಎಂದು ಒಂದರ ಬಾಲಕ್ಕೆ ಒಂದು ಕಟ್ಟಿದವು. ಅಲಂಕಾರವೆಂಬುದಿಲ್ಲ. ಇದಕ್ಕೆ ಉತ್ತರವನ್ನು ಹುಡುಗನೇ ಕೊಡುತ್ತಾನೆ. ಅವನ ಮತದಲ್ಲಿ ರೂಪಕವು ಸುಳ್ಳು, ಉಪಮೆಯು ಸುಳ್ಳಲ್ಲ. ಒಂದು ವಸ್ತುವು ಇನ್ನೊಂದರಂತಿದೆಯೆಂದರೆ ಅದು ನಿಜವಾಗಿರಬಹುದು. ಒಂದು ಇನ್ನೊಂದೇ ಆಗಿದೆಯೆಂದರೆ ಅದು ಹೇಗೆ ನಿಜ? ನಮ್ಮ ಆಲಂಕಾರಿಕರು ಉಪಮೆಗೂ ರೂಪಕಕ್ಕೂ ಇರುವ ಅಂತರವನ್ನು ಎಷ್ಟೋ ಪುಟಗಳಲ್ಲಿ ವಿಚಾರಿಸಿದ್ದಾರೆ. ಭೇದವನ್ನು ಉಳಿಸಿಕೊಂಡ ಸಾದೃಶ್ಯ ಒಂದು, ಭೇದವನ್ನು ಮರೆಸಿದ ಸಾದೃಶ್ಯ ಇನ್ನೊಂದು. ಆದರೆ ಅದನ್ನು ಸತ್ಯಾಸತ್ಯದ ಪ್ರಶ್ನೆಯಾಗಿ ಹಿಡಿದು ರೂಪಕವನ್ನು ಮನೆಯಿಂದ ಹೊರಗೆ ಹಾಕಿದ ಆಲಂಕಾರಿಕನು ಇವನೊಬ್ಬನೇ ಇರಬೇಕು! ನಗು ಬಂದರೂ ಮಾತು ತೂಕದ್ದಾಗಿದೆ. ಸುಳ್ಳಿನಿಂದ ಸುಟ್ಟುಕೊಳ್ಳಲಿರುವ ಹುಡುಗನು ಸುಳ್ಳಿನ ನೆರಳಿರುವ ಅಲಂಕಾರವನ್ನೂ ಮುಟ್ಟಲಾರನೆಂಬುದನ್ನು ಗ್ರಂಥಕರ್ತನು ಮೊದಲೇ ಸೂಚಿಸಿಟ್ಟಿದ್ದಾನೆ.

ಇಂತಹ ಹುಡುಗನು ಬರೆದ ಪುಸ್ತಕದಲ್ಲಿ ಅಭಿಧೆಯ ಹೊರತು ಬೇರೆ ವೃತ್ತಿ ಇರುವಂತಿಲ್ಲ. ಅವನಿಗೆ ಲಕ್ಷಣೆಯು ಒಗಟು, ವ್ಯಂಜನೆಯು ಇಲ್ಲವೇ ಇಲ್ಲ. ಆದರೂ ಗ್ರಂಥವು ಧ್ವನಿಯಿಂದ ತುಂಬಿದೆ. ಕಪಾಟಿನಲ್ಲಿ ಸಿಕ್ಕಿದ ಮೊದಲ ಕಾಗದವನ್ನು ಓದಿದಾಗ ಅವನು ಮಾಡುವ ವಿಚಾರವನ್ನು ನೋಡಬೇಕು. ಅಂಚೆಯ ಮುದ್ರೆಯ ತಾರೀಖು ತಾಯಿ ಸತ್ತ ಮೇಲಿನದು. ಅದು ಹೇಗಾದೀತು? ಬೇರೆಯ ಲಕೋಟೆಯಲ್ಲಿ ಸೇರಿರಬಹುದೇ? ಕ್ರಿಸ್ಟೋಫರ್ ಎಂಬ ಹೆಸರಿನ ಇನ್ನೊಬ್ಬ ಹುಡುಗನಿಗೆ ಅವನ ತಾಯಿಯು ಬರೆದದ್ದಿರಬಹುದೇ? ಒಳ್ಳೆಯದೊಂದು ರಹಸ್ಯವು ಸಿಕ್ಕಿತೆಂದು ಅವನಿಗೆ ಉತ್ಸಾಹವೇ ಆಗುವುದು. ಓದುವವನಿಗೆ ಆ ಕ್ಷಣದಲ್ಲಿಯೇ ಎಲ್ಲವೂ ತಿಳಿದುಹೋಗಿದೆ. ಕೂಗಿ ಹೇಳಲು ದಾರಿಯಿಲ್ಲ. ಹೇಳುವವನಿಗೆ ತಿಳಿಯದ ಅರ್ಥವು ಕೇಳುವವನ ಎದೆಗೆ ತಾಗುವುದು. ಕೊನೆಗೆ ಸತ್ಯವು ಅವನಿಗೂ ತಿಳಿದಾಗ ದುಃಖವಾಯಿತೆಂದು ಅವನು ಬರೆಯುವುದಿಲ್ಲ. ಹಾಸಿಗೆಯ ಮೇಲೆ ಮುದುಡಿಕೊಂಡದ್ದು, ಹೊಟ್ಟೆ ನೋವು, ಎಚ್ಚರವಾದಾಗ ವಾಂತಿಯಾಗಿದ್ದುದು ಇವನ್ನು ಮಾತ್ರ ಬರೆಯುವನು. ಅನುಭಾವಗಳಿವೆ, ಭಾವದ ಹೆಸರಿಲ್ಲ. ರಸವನ್ನು ಅದರ ಹೆಸರಿನಿಂದ ಕರೆದರೆ ರಸವಾಗದೆಂದು ಆನಂದವರ್ಧನನ ಕಾಲದಿಂದ ಕಲಿಸಿಕೊಂಡು ಬಂದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಈ ಕಾಲದ ಆಂಗ್ಲ ಬಾಲಸಾಹಿತ್ಯದಲ್ಲಿ ಹುಡುಕುವುದು ಕಷ್ಟ. ಶುಷ್ಕವೆಂದು ಪುಸ್ತಕವನ್ನು ಮುಚ್ಚಿದವರು ಬರೆದದ್ದನ್ನಷ್ಟೇ ಓದಿದರು. ಅತ್ತವರು ಬರೆಯದೆ ಬಿಟ್ಟುದನ್ನೂ ಓದಿದರು.

ಬೈಗಳ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಗ್ರಂಥದಲ್ಲಿ ಅಶ್ಲೀಲ ಶಬ್ದಗಳಿವೆ, ಹೆಚ್ಚಾಗಿಯೇ ಇವೆ. ೨೦೧೫ರಲ್ಲಿ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಒಂದು ಪ್ರೌಢಶಾಲೆಯಲ್ಲಿ ಪೋಷಕರ ಆಕ್ಷೇಪಣೆಯ ಮೇಲೆ ಇದನ್ನು ರಜಾದ ಕಡ್ಡಾಯ ಓದಿನಿಂದ ತೆಗೆದುಹಾಕಿದರು. ಆ ಶಬ್ದಗಳು ಕೋಪಗೊಂಡ ಹಿರಿಯರ ಬಾಯಲ್ಲಿ ಬರುವುವೇ ಹೊರತು ಹುಡುಗನ ಬಾಯಲ್ಲಲ್ಲ. ಅವನು ಕೇಳಿದುದನ್ನು ಕೇಳಿದಂತೆ ಬರೆದಿಡುತ್ತಾನೆ. ಔಚಿತ್ಯವನ್ನು ಪಾತ್ರದ ಸ್ವಭಾವದಿಂದ ಅಳೆಯುವುದಾದರೆ ತಪ್ಪಿಲ್ಲ. ಆದರೆ ಹತ್ತು ವರ್ಷದ ಮಗುವಿನ ಕೈಗೆ ಕೊಡಲು ಹಿಂಜರಿಯುವ ತಾಯಿಯನ್ನು ಸಂಕುಚಿತಬುದ್ಧಿಯವಳೆಂದು ಹಾಸ್ಯಮಾಡುವುದೂ ಸಲ್ಲದು. ಹದಿನಾಲ್ಕು ಹದಿನೈದು ವರ್ಷದವರು ಓದಲಿ. ಮನೆಯ ಹಿರಿಯರು ಮೊದಲು ಓದಲಿ.

ಮೂರನೆಯ ಆಕ್ಷೇಪಣೆಯು ಇವೆಲ್ಲಕ್ಕಿಂತ ಗುರುತರವಾದುದು. ಕ್ರಿಸ್ಟೋಫರನ ಸ್ಥಿತಿಗೆ ಗ್ರಂಥದೊಳಗೆ ಎಲ್ಲಿಯೂ ಹೆಸರಿಲ್ಲ. ಹೊದಿಕೆಯ ಮೇಲೆ ಮಾತ್ರ ಆಸ್ಪರ್ಗರ್ ಎಂಬ ಹೆಸರು ಅಚ್ಚಾಯಿತು. ಇದು ಸ್ವಲೀನತೆಯ ಒಂದು ಬಗೆಯೆಂದು ಆಗ ಎಣಿಸಲ್ಪಟ್ಟಿತ್ತು, ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಅದನ್ನು ಬೇರೆಯ ಹೆಸರಾಗಿ ಇಡದೆ ಸ್ವಲೀನತೆಯಲ್ಲಿಯೇ ಸೇರಿಸಿತು. ಅಂತಹ ಸ್ಥಿತಿಯಲ್ಲಿ ಬೆಳೆದ ಓದುಗರಲ್ಲಿ ಕೆಲವರು ತಮ್ಮ ಮನಸ್ಸನ್ನು ಮೊದಲಸಲ ಒಂದು ಪುಸ್ತಕದಲ್ಲಿ ಕಂಡೆವೆಂದು ಸಂತೋಷಪಟ್ಟರು. ಇನ್ನು ಕೆಲವರು ಕೋಪಿಸಿಕೊಂಡರು. ಎಲ್ಲರೂ ಗಣಿತದಲ್ಲಿ ಮೇಧಾವಿಗಳಲ್ಲ, ಎಲ್ಲರೂ ಪರರ ದುಃಖವನ್ನು ಅರಿಯದವರಲ್ಲ. ಈ ಪುಸ್ತಕವನ್ನು ಓದಿದ ನೆಂಟರೂ ಉಪಾಧ್ಯಾಯರೂ ತಮ್ಮನ್ನು ಕ್ರಿಸ್ಟೋಫರನ ಅಳತೆಗೋಲಿನಿಂದ ಅಳೆಯತೊಡಗಿದರೆಂಬುದು ಅವರ ದೂರು. ಹ್ಯಾಡನ್ನನು ತಾನು ಈ ವಿಷಯದಲ್ಲಿ ವಿಶೇಷ ವ್ಯಾಸಂಗ ಮಾಡಲಿಲ್ಲವೆಂದೂ, ಗ್ರಂಥವು ಆ ಸ್ಥಿತಿಯನ್ನು ಕುರಿತದ್ದಲ್ಲವೆಂದೂ ತಾನೇ ಹೇಳಿದ್ದಾನೆ.

ಕವಿಯು ವರ್ಣಿಸುವುದು ವ್ಯಕ್ತಿಯನ್ನು. ಅದನ್ನು ಜಾತಿಲಕ್ಷಣವೆಂದು ಹಿಡಿದರೆ ತಪ್ಪು ಓದಿದವನದು, ಎಂದು ಲೇಖಕನ ಪರವಾಗಿ ವಾದಿಸಬಹುದು. ವಾದವು ಅರ್ಧ ಮಾತ್ರ ಸರಿ. ಹೊದಿಕೆಯ ಮೇಲೆ ಜಾತಿಯ ಹೆಸರನ್ನು ಅಚ್ಚುಮಾಡಿ, ಒಳಗೆ ವ್ಯಕ್ತಿಯನ್ನು ಇಟ್ಟು, ತಪ್ಪಾಗಿ ಓದಬೇಡಿರೆನ್ನುವುದು ಹೇಗೆ? ಒಂದು ಊರಿನಲ್ಲಿ ಒಬ್ಬನೇ ಕನ್ನಡಿಗನನ್ನು ಕಂಡವರು ಕನ್ನಡಿಗರೆಲ್ಲ ಹೀಗೆಯೇ ಎಂದರೆ ನಗಬಹುದು. ಆದರೆ ಆ ಊರಿನಲ್ಲಿ ಬಾಳಬೇಕಾದ ಎರಡನೆಯ ಕನ್ನಡಿಗನಿಗೆ ಅದು ನಗುವ ವಿಷಯವಲ್ಲ. ದೂರು ನ್ಯಾಯವಾದುದು. ಅದರಿಂದ ಗ್ರಂಥದ ಕಾವ್ಯಗುಣಕ್ಕೆ ಕೊರತೆ ಬರಲಾರದು. ಆದರೂ ಇದನ್ನು ವೈದ್ಯಗ್ರಂಥದಂತೆ ಹಿಡಿದು ನೆರೆಮನೆಯ ಮಗುವಿಗೆ ಹೆಸರಿಡುವವರಿಗೆ ಎಚ್ಚರಿಕೆ ಬೇಕು.

ತಾಯಿಯನ್ನು ಕುರಿತು ಓದುಗರು ಆಡುವ ಮಾತುಗಳು ಆಶ್ಚರ್ಯವನ್ನುಂಟುಮಾಡುವುವು. ತಂದೆಯು ನಾಯಿಯನ್ನು ಕೊಂದನು, ಬದುಕಿದ್ದವಳನ್ನು ಸತ್ತಳೆಂದನು, ಮಗನಿಗೆ ಬಂದ ಕಾಗದಗಳನ್ನು ಬಚ್ಚಿಟ್ಟನು. ಆದರೂ ಪಾಪ, ಕಷ್ಟಪಟ್ಟವನೆಂದು ಬಹುಜನರು ಕ್ಷಮಿಸುತ್ತಾರೆ. ತಾಯಿಯು ಮನೆ ಬಿಟ್ಟಳು; ಅವಳಿಗೆ ಕ್ಷಮೆಯಿಲ್ಲ. ತಾಳ್ಮೆ ತನಗೆ ಸಾಲಲಿಲ್ಲವೆಂದು, ತಾನಿಲ್ಲದಿದ್ದರೆ ಮಗನಿಗೆ ನೆಮ್ಮದಿಯೆಂದು ಭ್ರಮಿಸಿದೆನೆಂದು ಅವಳೇ ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾಳೆ. ಇಡೀ ಗ್ರಂಥದಲ್ಲಿ ಹುಡುಗನಿಗೆ ತನ್ನ ವಿಷಯದ ಸತ್ಯವನ್ನು ಪೂರ್ಣವಾಗಿ ಹೇಳಿದ ಹೆತ್ತವರು ಅವಳೊಬ್ಬಳೇ. ದಿನವೂ ಅನ್ನವಿಕ್ಕುವವನು ಕಣ್ಣೆದುರಿಗಿರುತ್ತಾನೆ, ಬರೆಯುವವಳು ದೂರದಲ್ಲಿರುತ್ತಾಳೆ. ಓದುಗರ ತೀರ್ಪು ಇದರಿಂದ ಓರೆಯಾಗಿರಬೇಕು.

ಕೊನೆಯ ಭಾಗದಲ್ಲಿ ತಾಯಿಯೊಡನೆ ಹುಡುಗನು ಸ್ವಿಂಡನ್ನಿಗೆ ಮರಳುತ್ತಾನೆ. ಗಣಿತದ ದೊಡ್ಡ ಪರೀಕ್ಷೆಗೆ ಕುಳಿತು ಮೊದಲ ದರ್ಜೆಯನ್ನು ಪಡೆಯುತ್ತಾನೆ. ತಂದೆಯ ಹತ್ತಿರ ಮಾತಾಡಲು ಒಪ್ಪುವುದಿಲ್ಲ. ತಂದೆಯು ಅಡಿಗೆಮನೆಯ ಗಂಟೆಯನ್ನು ಐದು ನಿಮಿಷಕ್ಕೆ ತಿರುಗಿಸಿಟ್ಟು, ಅಷ್ಟು ಹೊತ್ತು ಮಾತ್ರ ಕೇಳೆಂದು ಬೇಡಿಕೊಳ್ಳುತ್ತಾನೆ. ನಂಬಿಕೆಯನ್ನು ಮತ್ತೆ ಕಟ್ಟಬೇಕು, ಎಷ್ಟು ಕಾಲವಾದರೂ ಆಗಲಿ ಎನ್ನುತ್ತಾನೆ. ಒಂದು ನಾಯಿಮರಿಯನ್ನು ತಂದುಕೊಡುತ್ತಾನೆ. ಹಿಂದೆ ಈ ತಂದೆಮಕ್ಕಳು ಅಪ್ಪಿಕೊಳ್ಳುವುದರ ಬದಲಾಗಿ ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ ತುದಿಗೆ ತುದಿ ತಾಗಿಸುತ್ತಿದ್ದರು. ಮುಟ್ಟಿದರೆ ಸಹಿಸದ ಮಗನಿಗಾಗಿ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಅದು. ತಪ್ಪನ್ನು ಒಪ್ಪಿಕೊಂಡ ರಾತ್ರಿ ತಂದೆಯು ಹಾಗೆ ಕೈಯನ್ನು ಚಾಚಿದಾಗ ಮಗನು ಮುಟ್ಟಲಿಲ್ಲ. ಹುಡುಗನು ಬದಲಾಗಲೇ ಇಲ್ಲ, ಆದುದರಿಂದ ಇದು ಬೆಳವಣಿಗೆಯ ಕಥೆಯಲ್ಲವೆನ್ನುವ ಓದುಗರು ಈ ಐದು ನಿಮಿಷವನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮೊದಲು ತಂದೆಯ ಮಾತನ್ನು ಅವನು ಕೇಳಿದ್ದು ಬೇರೆ ದಾರಿಯಿಲ್ಲದೆ. ಈಗ ಕೇಳುವುದು ಗಡಿಯಾರವನ್ನು ಎದುರಿಗಿಟ್ಟುಕೊಂಡು. ತಂದೆಯು ಆಪ್ತನ ಪದವಿಯನ್ನು ನಿಮಿಷ ನಿಮಿಷವಾಗಿ ಮತ್ತೆ ಸಂಪಾದಿಸಬೇಕಾಗಿದೆ.

ತಾನು ಒಬ್ಬನೇ ಲಂಡನ್ನಿಗೆ ಹೋದುದರಿಂದಲೂ, ರಹಸ್ಯವನ್ನು ಬಿಡಿಸಿದುದರಿಂದಲೂ, ಪುಸ್ತಕವನ್ನು ಬರೆದುದರಿಂದಲೂ ಇನ್ನು ಏನನ್ನಾದರೂ ಮಾಡಬಲ್ಲೆನೆಂದು ಹುಡುಗನು ಗ್ರಂಥವನ್ನು ಮುಗಿಸುತ್ತಾನೆ. ಈ ಮುಕ್ತಾಯದಲ್ಲಿಯೂ ಓದುಗರು ಎರಡು ಪಂಗಡ. ಧೈರ್ಯದ ಮಾತೆಂದು ಕೆಲವರಿಗೆ ಮೆಚ್ಚಿಗೆ. ಮುರಿದ ಸಂಸಾರದ ನಡುವೆ ಇಷ್ಟು ಸುಲಭವಾದ ಭರವಸೆ ಎಲ್ಲಿಂದ ಬಂತೆಂದು ಕೆಲವರಿಗೆ ಸಂಶಯ. ಸೈಮನ್ ಸ್ಟೀಫನ್ಸನು ಇದನ್ನು ನಾಟಕವಾಗಿ ಮಾರ್ಪಡಿಸಿ, ೨೦೧೨ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅದು ರಂಗವನ್ನೇರಿದಾಗ, ಈ ವಾಕ್ಯವು ಪ್ರಶ್ನೆಯಾಯಿತು. ಹುಡುಗನು ತನ್ನ ಉಪಾಧ್ಯಾಯಿನಿ ಶಿವಾನಳನ್ನು ನೋಡಿ, ಹಾಗಾದರೆ ತಾನು ಏನನ್ನಾದರೂ ಮಾಡಬಲ್ಲೆನೇ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಅವನು ಇನ್ನೂ ನಂಬುವವಳು ಅವಳು. ಅವಳು ಉತ್ತರ ಕೊಡುವುದಿಲ್ಲ. ಸುಳ್ಳು ಹೇಳದಿರುವುದಕ್ಕೆ ಅವಳಿಗೆ ಉಳಿದಿದ್ದ ದಾರಿ ಅದೊಂದೇ ಇರಬೇಕು. ಕಾದಂಬರಿಯ ಪೂರ್ಣವಿರಾಮಕ್ಕಿಂತ ನಾಟಕದ ಈ ಮೌನವೇ ಹುಡುಗನ ಕಥೆಗೆ ಒಪ್ಪುವುದೆಂದು ತೋರುವುದು.

ಕಾದಂಬರಿಯಲ್ಲಿಯಾದರೋ ಆ ವಾಕ್ಯದ ಮೇಲೆ ಒಂದು ಅನುಬಂಧವಿದೆ. ಭುಜಗಳನ್ನು ಒಂದು ಗೊತ್ತಾದ ರೀತಿಯಲ್ಲಿ ಬರೆಯಬಹುದಾದ ತ್ರಿಭುಜವು ಲಂಬಕೋನವುಳ್ಳದ್ದೆಂದು ಸಾಧಿಸುವ ಪರೀಕ್ಷೆಯ ಪ್ರಶ್ನೆ, ಮತ್ತು ಹುಡುಗನು ಬರೆದ ಉತ್ತರ. ಕಥೆಯ ನಡುವೆ ಲೆಕ್ಕವಿದ್ದರೆ ಓದುಗರಿಗೆ ಬೇಸರವಾಗುವುದೆಂದು ಶಿವಾನಳು ಹೇಳಿದುದರಿಂದ ಅದನ್ನು ಹಿಂದಕ್ಕೆ ಹಾಕಲಾಗಿದೆ. ಅಭಿಪ್ರಾಯ ಬರೆದವರಲ್ಲಿ ಆ ಪುಟವನ್ನು ಬಿಟ್ಟುಬಿಟ್ಟೆವೆಂದು ಒಪ್ಪಿಕೊಂಡವರೂ ಇದ್ದಾರೆ. ಲೆಕ್ಕವು ಸರಿಯಾಗಿದೆ.